ವಿಮಾನಚಾಲಕನ ಮುಂದಾಲೋಚನೆ

ವಿಮಾನವನ್ನು ನಡೆಸುವವನೆಂದರೆ ನಮ್ಮ ಜನರ ಕಲ್ಪನೆಯಲ್ಲಿ ಒಂದು ಚಿತ್ರವುಂಟು. ಉಕ್ಕಿನಂಥ ಎದೆ, ಹದ್ದಿನಂಥ ಕಣ್ಣು, ಮಿಂಚಿನಂಥ ಕೈ. ಅಪಾಯವು ಎದುರಾದಾಗ ಕ್ಷಣಮಾತ್ರದಲ್ಲಿ ಉಪಾಯ ಹೊಳೆದು ನೂರಾರು ಜನರನ್ನು ಪಾರುಮಾಡುವ ವೀರ. ಇದಕ್ಕೆ ತೀರ ವಿರುದ್ಧವಾದ ಇನ್ನೊಂದು ಚಿತ್ರವೂ ಉಂಟು. ಪುಷ್ಪಕವಿಮಾನವು ಒಡೆಯನ ಮನಸ್ಸನ್ನರಿತು ತಾನೇ ಹೋಗುತ್ತಿದ್ದಿತೆಂದು ಕೇಳಿ ಬೆಳೆದವರು ನಾವು. ಈಗಿನ ವಿಮಾನವೂ ಹಾಗೆಯೇ ಯಂತ್ರದ ಬಲದಿಂದ ತಾನಾಗಿ ಹಾರುತ್ತದೆ, ಚಾಲಕನು ಕಾಫಿ ಕುಡಿಯುತ್ತ ಕುಳಿತಿರುತ್ತಾನೆ ಎಂದು ಹೇಳುವವರು ವಿದ್ಯಾವಂತರಲ್ಲಿಯೂ ಇದ್ದಾರೆ. ಈ ಎರಡು ಚಿತ್ರಗಳೂ ಆ ವೃತ್ತಿಯ ತಿರುಳನ್ನು ಬಿಟ್ಟು ದೂರ ಹೋಗಿವೆ. ಆ ತಿರುಳೇನೆಂಬುದನ್ನು ಒಂದೇ ಮಾತಿನಲ್ಲಿ ಹೇಳುವುದಾದರೆ, ಕೆಟ್ಟ ಹೊತ್ತಿನಲ್ಲಿ ಬೇಕಾಗುವ ನಿರ್ಣಯವನ್ನು ಒಳ್ಳೆಯ ಹೊತ್ತಿನಲ್ಲಿಯೇ ಮಾಡಿಟ್ಟುಕೊಳ್ಳುವುದು. ಬಾಯಾರಿದಾಗ ಬಾವಿ ತೋಡಬಾರದೆಂಬ ನಮ್ಮ ಗಾದೆಯನ್ನು ಇಷ್ಟು ನಿಷ್ಠೆಯಿಂದ ನಡೆಸುವ ವೃತ್ತಿಗಳು ಹೆಚ್ಚಿಲ್ಲ. ಅದು ಹೇಗೆಂಬುದನ್ನು ಕ್ರಮವಾಗಿ ವಿಚಾರಿಸೋಣ.

ಮೊದಲು ದಾರಿಯ ಮಾತು. ೧೯೩೨ನೆಯ ಇಸವಿ ಅಕ್ಟೋಬರ್ ೧೫ರಂದು ಜೆ. ಆರ್. ಡಿ. ಟಾಟಾ ಅವರು ಪುಸ್ ಮಾತ್ ಎಂಬ ಒಂಟಿ ಎಂಜಿನ್ನಿನ ಪುಟ್ಟ ವಿಮಾನದಲ್ಲಿ ಅಂಚೆಯನ್ನು ಹೊತ್ತು ಕರಾಚಿಯಿಂದ ಹೊರಟು, ಅಹಮದಾಬಾದಿನಲ್ಲಿ ಇಳಿದು, ಮುಂಬಯಿಯ ಜುಹೂ ಮೈದಾನವನ್ನು ಸೇರಿದರು. ಅಲ್ಲಿಂದ ಮುಂದಕ್ಕೆ ಅವರ ಸಹೋದ್ಯೋಗಿ ನೆವಿಲ್ ವಿನ್ಸೆಂಟರು ಆ ಅಂಚೆಯನ್ನು ನಮ್ಮ ಬಳ್ಳಾರಿಯ ಮಾರ್ಗವಾಗಿ ಮದರಾಸಿಗೆ ಮುಟ್ಟಿಸಿದರು. ಭಾರತದ ವಿಮಾನಸಂಸ್ಥೆಗಳ ಚರಿತ್ರೆಯ ಮೊದಲ ಪುಟದಲ್ಲಿಯೇ ಬಳ್ಳಾರಿಯ ಹೆಸರಿರುವುದು ಕನ್ನಡಿಗರಿಗೆ ಸಂತೋಷದ ಸಂಗತಿ. ಆದರೆ ಅದು ಅಲ್ಲಿ ಏಕಿದೆಯೆಂಬುದು ನಮ್ಮ ಇಂದಿನ ವಿಷಯಕ್ಕೆ ಹೆಚ್ಚು ಸಂಬಂಧಪಟ್ಟದ್ದು. ಚಿಕ್ಕ ವಿಮಾನದ ತೈಲದ ತೊಟ್ಟಿಯೂ ಚಿಕ್ಕದು. ಮುಂಬಯಿಗೂ ಮದರಾಸಿಗೂ ನಡುವೆ ಇಳಿದು ಸುಧಾರಿಸಿಕೊಳ್ಳಲು ಒಂದು ನೆಲೆ ಬೇಕಷ್ಟೆ. ಆ ಚಾಲಕರ ಬಳಿ ರೇಡಿಯೋ ಇರಲಿಲ್ಲ; ನೆಲದ ಮೇಲೆ ದಾರಿತೋರುವ ದೀಪವಿರಲಿಲ್ಲ. ಆ ಕಾಲದ ವೈಮಾನಿಕರಿಗೆ ರೈಲುಕಂಬಿ, ಹೊಳೆಯ ತಿರುವು, ಬೆಟ್ಟದ ಸಾಲು ಇವೇ ಗುರುತುಗಳು. ಹೀಗೆ ‘ಮುಂದೆ ಎಲ್ಲಿ ಇಳಿಯಬಲ್ಲೆ?’ ಎಂಬ ಪ್ರಶ್ನೆಯಿಂದಲೇ ದಾರಿಯ ಯೋಜನೆ ಹುಟ್ಟಿತು. ವಿಮಾನಗಳು ನೂರು ಪಾಲು ಬೆಳೆದಿವೆ. ಪ್ರಶ್ನೆ ಅದೇ ಆಗಿ ಉಳಿದಿದೆ.

ಈಗಿನ ಉದ್ದದ ಪಯಣವೊಂದನ್ನು ತೆಗೆದುಕೊಳ್ಳೋಣ. ೨೦೨೧ನೆಯ ಇಸವಿಯ ಜನವರಿಯಲ್ಲಿ ಏರ್ ಇಂಡಿಯಾ ಸಂಸ್ಥೆಯ ವಿಮಾನವೊಂದು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟು ಎಲ್ಲಿಯೂ ಇಳಿಯದೆ ಬೆಂಗಳೂರನ್ನು ಸೇರಿತು. ಕ್ಯಾಪ್ಟನ್ ಜೋಯಾ ಅಗರ್‌ವಾಲರ ನೇತೃತ್ವದಲ್ಲಿ ಅದನ್ನು ನಡೆಸಿದ ನಾಲ್ವರು ಚಾಲಕರೂ ಸ್ತ್ರೀಯರು. ಅವರು ಹಿಡಿದ ದಾರಿ ಉತ್ತರಧ್ರುವದ ಮೇಲಿನದು. ಗೋಡೆಗೆ ತೂಗುಹಾಕಿದ ಭೂಪಟವನ್ನು ನೋಡಿದವರಿಗೆ ಇದು ಹುಚ್ಚು ಬಳಸೆಂದು ತೋರೀತು. ಆದರೆ ಭೂಪಟ ಚಪ್ಪಟೆ, ಭೂಮಿ ದುಂಡು. ಶಾಲೆಯಲ್ಲಿರುವ ಭೂಗೋಳವೊಂದನ್ನು ತೆಗೆದುಕೊಂಡು ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಒಂದು ನೂಲನ್ನು ಬಿಗಿಯಾಗಿ ಎಳೆದು ನೋಡಬೇಕು. ಈ ಎರಡು ಊರುಗಳ ರೇಖಾಂಶಗಳಿಗೆ ಸುಮಾರು ೧೬೦ ಅಂಶಗಳ ಅಂತರ. ಎಂದರೆ ಒಂದು ಊರು ಭೂಮಿಯ ಈ ಮಗ್ಗುಲಿನಲ್ಲಿದ್ದರೆ ಇನ್ನೊಂದು ಹೆಚ್ಚುಕಡಮೆ ಆ ಮಗ್ಗುಲಿನಲ್ಲಿದೆ. ನೂಲು ಪೂರ್ವಕ್ಕೂ ಹೋಗದು, ಪಶ್ಚಿಮಕ್ಕೂ ಹೋಗದು. ಉತ್ತರಕ್ಕೆ ಏರಿ, ಸೈಬೀರಿಯದ ಈಶಾನ್ಯದ ಅಂಚನ್ನು ದಾಟಿ, ಆ ಕಡೆಗೆ ಇಳಿಯುವುದು. ಇದರ ಉದ್ದ ಸುಮಾರು ೧೪,೦೦೦ ಕಿಲೋಮೀಟರ್. ನಾವಿಕರು ಇದನ್ನು ಮಹಾವೃತ್ತದ ದಾರಿಯೆನ್ನುವರು.

ಇಷ್ಟಕ್ಕೇ ಲೆಕ್ಕ ಮುಗಿಯುವುದಿಲ್ಲ. ನೇರವಾಗಿ ಧ್ರುವವನ್ನೇ ಹತ್ತಿಳಿಯುವ ದಾರಿ ಈ ನೂಲಿನ ದಾರಿಗಿಂತ ಸುಮಾರು ೪೦೦ ಕಿಲೋಮೀಟರ್ ಹೆಚ್ಚು. ಹಾಗಿದ್ದರೂ ಅದನ್ನು ಆರಿಸುವ ದಿನಗಳುಂಟು. ಕಾರಣ ಗಾಳಿ. ಹತ್ತು ಹನ್ನೆರಡು ಕಿಲೋಮೀಟರ್ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಹೊಳೆಯಂತೆ ಹರಿಯುವ ಗಾಳಿಗಳಿವೆ. ಚಳಿಗಾಲದಲ್ಲಿ ನಮ್ಮ ಉತ್ತರ ಭಾರತದ ಮೇಲೆಯೂ ಅಂಥದೊಂದು ಹರಿಯುವುದು, ಅದರ ವೇಗ ಗಂಟೆಗೆ ೧೫೦ ಕಿಲೋಮೀಟರನ್ನು ಮೀರುವುದು ಅಪೂರ್ವವಲ್ಲ. ಗಂಟೆಗೆ ೯೦೦ ಕಿಲೋಮೀಟರ್ ಹಾರುವ ವಿಮಾನಕ್ಕೆ ೪೦೦ ಕಿಲೋಮೀಟರಿನ ಬಳಸೆಂದರೆ ಅರ್ಧ ಗಂಟೆಗಿಂತ ಕಡಮೆ. ನೂರು ಕಿಲೋಮೀಟರ್ ವೇಗದ ಎದುರುಗಾಳಿಯಲ್ಲಿ ಆರು ಗಂಟೆ ಈಜಿದರೆ ಹಿಂದೆ ಬೀಳುವುದು ೬೦೦ ಕಿಲೋಮೀಟರ್. ಆದುದರಿಂದ ಉದ್ದವಾದ ದಾರಿಯೇ ಹತ್ತಿರದ ದಾರಿಯಾಗುವ ಸಂದರ್ಭಗಳು ಆಕಾಶದಲ್ಲಿ ಹೇರಳ. ಒಂದೇ ಎರಡು ಊರುಗಳ ನಡುವೆ ಇಂದಿನ ದಾರಿ ನಾಳೆಯ ದಾರಿಯಲ್ಲ. ಹವಾವರದಿಯನ್ನು ನೋಡಿ ಪ್ರತಿದಿನವೂ ಹೊಸದಾಗಿ ಗುಣಿಸಿ ತೆಗೆಯಬೇಕು.

ದಾರಿಯನ್ನು ಗೆರೆಯೆಳೆದವರು ಕೂಡಲೇ ಕೇಳಿಕೊಳ್ಳುವ ಪ್ರಶ್ನೆ ಬಳ್ಳಾರಿಯ ಕಾಲದ ಪ್ರಶ್ನೆಯೇ: ಈ ಗೆರೆಯ ಯಾವ ಬಿಂದುವಿನಲ್ಲಿ ತೊಂದರೆಯಾದರೆ ಎಲ್ಲಿ ಇಳಿಯುವುದು? ಎರಡು ಎಂಜಿನ್ನುಗಳ ವಿಮಾನದಲ್ಲಿ ಒಂದು ನಿಂತುಹೋದರೂ ಉಳಿದ ಒಂದರ ಬಲದಿಂದ ಹಾರುವುದು ಸಾಧ್ಯ. ಆದರೆ ಎಷ್ಟು ಹೊತ್ತು? ಬಹುಕಾಲದವರೆಗೆ ಅಂಥ ವಿಮಾನಗಳು ಯಾವಾಗಲೂ ಒಂದು ನಿಲ್ದಾಣಕ್ಕೆ ೬೦ ನಿಮಿಷಗಳ ಅಳತೆಯೊಳಗೇ ಇರಬೇಕೆಂಬ ನಿಯಮವಿತ್ತು. ಎಂಜಿನ್ನುಗಳು ನಂಬಿಕೆಗೆ ಪಾತ್ರವಾದಂತೆ ೧೯೮೫ರಲ್ಲಿ ಅದು ೧೨೦ ನಿಮಿಷಗಳಿಗೂ, ೧೯೮೮ರಲ್ಲಿ ೧೮೦ ನಿಮಿಷಗಳಿಗೂ, ಆ ಮೇಲೆ ಇನ್ನೂ ಹೆಚ್ಚಿಗೂ ಬೆಳೆಯಿತು. ಹೀಗೆ ಸಾಗರದ ನಡುವೆ, ಹಿಮದ ನಡುವೆ ಹೋಗುವಾಗಲೂ ಚಾಲಕನ ಕಾಗದಗಳಲ್ಲಿ ಪ್ರತಿಯೊಂದು ಹಂತಕ್ಕೂ ಒಂದು ಆಶ್ರಯದ ಊರಿನ ಹೆಸರು ಬರೆದಿರುವುದು. ಧ್ರುವದ ಬಳಿ ಇನ್ನೊಂದು ಚಿಂತೆಯೂ ಸೇರುವುದು: ವಿಮಾನದ ತೈಲವು ಅದರ ಜಾತಿಗೆ ತಕ್ಕಂತೆ ಸೊನ್ನೆಯ ಕೆಳಗೆ ೪೦ರಿಂದ ೪೭ ಡಿಗ್ರಿಗಳಲ್ಲಿ ಹೆಪ್ಪುಗಟ್ಟತೊಡಗುವುದು. ಹೊರಗಿನ ಗಾಳಿ ಅದಕ್ಕಿಂತ ತಣ್ಣಗಿರುವುದುಂಟು. ತೊಟ್ಟಿಯ ತೈಲದ ಉಷ್ಣತೆಯನ್ನು ನೋಡುತ್ತಿದ್ದು, ಅದು ಎಷ್ಟಕ್ಕೆ ಇಳಿದರೆ ಬೆಚ್ಚಗಿನ ಗಾಳಿಯನ್ನು ಹುಡುಕಿಕೊಂಡು ಹೋಗಬೇಕೆಂಬುದನ್ನು ನೆಲದ ಮೇಲೆಯೇ ಗೊತ್ತುಮಾಡಿಕೊಂಡು ಹೊರಡುವರು.

ಇನ್ನು ಬುತ್ತಿಯ ಲೆಕ್ಕ. ಎಂದರೆ ತೈಲದ ಲೆಕ್ಕ. ಬೆಂಗಳೂರಿನಿಂದ ದೆಹಲಿಗೆ ಹೋಗುವ ಮಧ್ಯಮ ಗಾತ್ರದ ವಿಮಾನವು ಗಂಟೆಗೆ ಸುಮಾರು ಎರಡೂವರೆ ಟನ್ ತೈಲವನ್ನು ಸುಡುವುದು. ಎರಡೂವರೆ ಗಂಟೆಯ ದಾರಿಗೆ ಆರು ಟನ್ನಿಗೆ ಮೇಲೆ ಬೇಕಾಯಿತು. ಅಷ್ಟೇ ತುಂಬಿಕೊಂಡು ಹೊರಡುವವನು ಚಾಲಕನಲ್ಲ, ಜೂಜುಗಾರ. ಮೊದಲು ನೆಲದ ಮೇಲೆ ಉರುಳಿಕೊಂಡು ಹೋಗುವುದಕ್ಕೆ ಸ್ವಲ್ಪ. ಆ ಮೇಲೆ ದಾರಿಯ ತೈಲ. ಗಾಳಿಯ ಅಂದಾಜು ತಪ್ಪಿದರೆ ಇರಲೆಂದು ಅದರ ನೂರಕ್ಕೆ ಐದು ಪಾಲು. ದೆಹಲಿಯಲ್ಲಿ ಮಂಜು ಕವಿದರೆ ಜಯಪುರಕ್ಕೋ ಲಖನೌಗೋ ಹೋಗಿ ಇಳಿಯುವುದಕ್ಕೆ ಬೇಕಾದಷ್ಟು. ಇವೆಲ್ಲ ಆದ ಮೇಲೆ, ಆ ಬದಲಿ ನಿಲ್ದಾಣದ ಮೇಲೆ ಇನ್ನೂ ೩೦ ನಿಮಿಷ ಸುತ್ತುತ್ತಿರುವುದಕ್ಕೆ ಸಾಕಾಗುವಷ್ಟು. ಈ ಕೊನೆಯ ೩೦ ನಿಮಿಷದ ತೈಲವು ಮನೆಯ ಹಿರಿಯರು ಎತ್ತಿಟ್ಟ ಆಪದ್ಧನದಂತೆ. ಅದನ್ನು ಮುಟ್ಟಬೇಕಾಗುವುದೆಂದು ಕಂಡೊಡನೆಯೇ ಚಾಲಕನು ರೇಡಿಯೋದಲ್ಲಿ ‘ಮೇಡೇ’ ಎಂಬ ವಿಪತ್ತಿನ ಕೂಗನ್ನು ಕೂಗಬೇಕೆಂಬುದು ನಿಯಮ. ಹಾಗಾದರೆ ತೊಟ್ಟಿ ತುಂಬ ತುಂಬಿಕೊಂಡೇ ಹೋಗಬಾರದೆ ಎಂದು ಕೇಳಬಹುದು. ಹೆಚ್ಚು ತೈಲ ಹೆಚ್ಚು ಭಾರ. ಆ ಭಾರವನ್ನು ಹೊರುವುದಕ್ಕೇ ಆ ತೈಲದ ಒಂದು ಪಾಲು ಉರಿದುಹೋಗುವುದು. ಸಂಸ್ಥೆಗೆ ಇದು ನಷ್ಟ. ಹಾಗಿದ್ದರೂ ಎಷ್ಟು ತೈಲ ಬೇಕೆಂಬ ಕೊನೆಯ ಮಾತು ಮುಖ್ಯ ಚಾಲಕನದು. ಹವೆಯನ್ನು ನೋಡಿ ‘ಇನ್ನೊಂದು ಟನ್ ಹಾಕಿರಿ’ ಎಂದು ಹೇಳುವ ಅಧಿಕಾರ ಅವನಿಗುಂಟು.

ಈ ಲೆಕ್ಕದಲ್ಲಿ ಸಣ್ಣದೊಂದು ತಪ್ಪು ಏನನ್ನು ಮಾಡಬಲ್ಲದೆಂಬುದಕ್ಕೆ ಕೆನಡಾ ದೇಶದ ಒಂದು ನಿದರ್ಶನವಿದೆ. ೧೯೮೩ನೆಯ ಇಸವಿ ಜುಲೈ ೨೩ರಂದು ಏರ್ ಕೆನಡಾ ಸಂಸ್ಥೆಯ ಬೋಯಿಂಗ್ ೭೬೭ ವಿಮಾನವು ೬೯ ಜನರೊಡನೆ ಎಡ್ಮಂಟನ್ನಿನ ಕಡೆಗೆ ಹೊರಟಿತು. ಅದರ ತೈಲದ ಮಾಪಕಗಳು ಕೆಟ್ಟಿದ್ದುವು. ತೊಟ್ಟಿಗೆ ಕಡ್ಡಿ ಇಳಿಸಿ ಅಳೆದು, ಲೀಟರುಗಳನ್ನು ತೂಕಕ್ಕೆ ತಿರುಗಿಸಿದರು. ಆ ದೇಶವು ಆಗ ಹಳೆಯ ಪೌಂಡಿನಿಂದ ಹೊಸ ಕಿಲೋಗ್ರಾಮಿಗೆ ಬರುತ್ತಿದ್ದ ಕಾಲ. ಗುಣಿಸಿದ ಅಂಕಿ ಪೌಂಡಿನದು. ಬಂದ ಉತ್ತರವನ್ನು ಓದಿಕೊಂಡದ್ದು ಕಿಲೋಗ್ರಾಮೆಂದು. ಬೇಕಾಗಿದ್ದುದು ೨೨,೩೦೦ ಕಿಲೋಗ್ರಾಮ್. ಇದ್ದುದು ಅದರ ಅರ್ಧಕ್ಕಿಂತಲೂ ಕಡಮೆ. ಆಕಾಶದಲ್ಲಿಯೇ ಎಂಜಿನ್ನುಗಳು ಒಂದಾದ ಮೇಲೊಂದು ನಿಂತುವು. ಮುಖ್ಯ ಚಾಲಕ ರಾಬರ್ಟ್ ಪಿಯರ್‌ಸನ್‌ಗೆ ಎಂಜಿನ್ನಿಲ್ಲದೆ ತೇಲುವ ಗ್ಲೈಡರುಗಳನ್ನು ನಡೆಸಿ ಪಳಗಿದ ಕೈಯಿತ್ತು. ಸಹಚಾಲಕ ಮಾರೀಸ್ ಕ್ವಿಂಟಾಲ್ ಹಿಂದೆ ಸೈನ್ಯದ ಕೆಲಸದಲ್ಲಿದ್ದಾಗ ಗಿಮ್ಲಿ ಎಂಬಲ್ಲಿದ್ದ ಹಳೆಯ ಮೈದಾನವನ್ನು ಬಲ್ಲವರಾಗಿದ್ದರು. ಆ ಭಾರಿ ವಿಮಾನವನ್ನು ಗಾಳಿಪಟದಂತೆ ತೇಲಿಸಿಕೊಂಡು ಬಂದು ಅಲ್ಲಿ ಇಳಿಸಿದರು. ಒಬ್ಬರ ಪ್ರಾಣವೂ ಹೋಗಲಿಲ್ಲ. ಲೋಕವೆಲ್ಲ ಅವರ ಕೈಚಳಕವನ್ನು ಹೊಗಳಿತು. ಹೊಗಳಿಕೆ ನ್ಯಾಯವಾದುದೇ. ಆದರೆ ಆ ವೃತ್ತಿಯವರು ಅದರಿಂದ ಕಲಿತ ಪಾಠ ಕೈಚಳಕದ್ದಲ್ಲ, ಗುಣಾಕಾರದ್ದು: ಇಂಥ ಚಳಕವು ಬೇಕಾಗದಂತೆ ಅಳತೆಗಳನ್ನು ಎರಡು ಸಲ ನೋಡಬೇಕೆಂಬುದು.

ಇನ್ನು ವಿಮಾನದೊಳಕ್ಕೆ ಬರೋಣ. ಚಾಲಕರಿಬ್ಬರೂ ಕುಳಿತೊಡನೆ ಒಬ್ಬನು ಒಂದು ಪಟ್ಟಿಯನ್ನು ಓದುವನು, ಇನ್ನೊಬ್ಬನು ಒಂದೊಂದಕ್ಕೂ ಉತ್ತರ ಕೊಡುವನು. ಸಾವಿರಾರು ಗಂಟೆ ಹಾರಿದವರೂ ಎಳೆಯ ಹುಡುಗರಂತೆ ಪ್ರತಿಸಲವೂ ಪಟ್ಟಿ ನೋಡಿ ಒಪ್ಪಿಸುವುದನ್ನು ಕಂಡರೆ ನಗು ಬಂದೀತು. ಇದರ ಮೂಲ ನಗುವಂಥದಲ್ಲ. ೧೯೩೫ನೆಯ ಇಸವಿ ಅಕ್ಟೋಬರ್ ೩೦ರಂದು ಅಮೆರಿಕದ ಡೇಟನ್ ನಗರದ ಬಳಿ ಬೋಯಿಂಗ್ ಸಂಸ್ಥೆಯ ನಾಲ್ಕು ಎಂಜಿನ್ನುಗಳ ಹೊಸ ವಿಮಾನವೊಂದನ್ನು ಸೈನ್ಯದವರ ಮುಂದೆ ಪರೀಕ್ಷಿಸುತ್ತಿದ್ದರು. ಅದನ್ನು ನಡೆಸುತ್ತಿದ್ದವರು ನುರಿತವರು. ನೆಲದ ಮೇಲೆ ನಿಂತಿರುವಾಗ ಗಾಳಿಗೆ ರೆಕ್ಕೆಬಾಲಗಳ ಪಟ್ಟಿಗಳು ಅಲ್ಲಾಡದಿರಲೆಂದು ಹಾಕಿದ್ದ ಬೀಗವನ್ನು ತೆಗೆಯುವುದನ್ನು ಮರೆತರು. ವಿಮಾನ ಏರಿ, ತೂಗಿ, ಬಿದ್ದು ಸುಟ್ಟುಹೋಯಿತು. ಇಬ್ಬರು ಪ್ರಾಣ ಕಳೆದುಕೊಂಡರು. ಯಂತ್ರವು ಒಬ್ಬ ಮನುಷ್ಯನ ನೆನಪಿಗೆ ಮೀರಿ ಬೆಳೆದಿದೆಯೆಂಬುದು ಆಗ ತಿಳಿಯಿತು. ಆ ಮೇಲೆ ಮಾಡಿದ ಚೆಕ್‌ಲಿಸ್ಟ್ ಎಂಬ ಪಟ್ಟಿಯೇ ಇಂದು ಎಲ್ಲ ವಿಮಾನಗಳಲ್ಲಿಯೂ ಇರುವುದು. ಶಸ್ತ್ರವೈದ್ಯರೂ ಅದನ್ನು ಎರವಲು ಪಡೆದಿದ್ದಾರೆ.

ಓಟದ ಹಾದಿಯಲ್ಲಿ ವಿಮಾನ ಓಡತೊಡಗುವುದು. ಏರುವ ಮೊದಲೇ ಎಂಜಿನ್ ಕೆಟ್ಟರೆ ನಿಲ್ಲಿಸಬೇಕೋ ಏರಿಬಿಡಬೇಕೋ? ನಿಧಾನವಾಗಿದ್ದಾಗ ನಿಲ್ಲಿಸುವುದೇ ಕ್ಷೇಮ. ವೇಗ ಹೆಚ್ಚಿದ ಮೇಲೆ ನಿಲ್ಲಿಸಹೊರಟರೆ ಹಾದಿ ಮುಗಿದು ಹಳ್ಳಕ್ಕೆ ಬೀಳಬೇಕಾದೀತು. ಇವೆರಡರ ನಡುವಣ ಗಡಿಯಾವುದು? ಅಂದಿನ ಭಾರ, ಗಾಳಿ, ಶಾಖ, ಹಾದಿಯ ಉದ್ದ, ಅದು ನೆನೆದಿದೆಯೋ ಒಣಗಿದೆಯೋ ಎಂಬುದೆಲ್ಲವನ್ನೂ ಸೇರಿಸಿ ಒಂದು ವೇಗವನ್ನು ಮೊದಲೇ ಗುಣಿಸಿಟ್ಟಿರುವರು. ಅದನ್ನು ನಾವು ನಿರ್ಣಯವೇಗವೆಂದು ಕರೆಯಬಹುದು. ಅದಕ್ಕೆ ಮುಂಚೆ ಎಂಜಿನ್ ಕೆಟ್ಟರೆ ನಿಲ್ಲುವುದು. ಅದನ್ನು ದಾಟಿದ ಮೇಲಾದರೆ, ಇರುವ ಒಂದು ಎಂಜಿನ್ನಿನಿಂದಲೇ ಏರುವುದು. ಆ ವೇಗ ಬಂದೊಡನೆ ಸಹಚಾಲಕನು ಕೂಗಿ ಹೇಳುವನು; ಮುಖ್ಯ ಚಾಲಕನು ವೇಗದ ಸನ್ನೆಯಿಂದ ಕೈಯನ್ನು ತೆಗೆದುಬಿಡುವನು. ನಿಲ್ಲಿಸಬೇಕೆಂಬ ಆಸೆಯೂ ಹುಟ್ಟದಿರಲಿ ಎಂದು ಈ ಕ್ರಮ. ಆ ಕ್ಷಣದಲ್ಲಿ ಯೋಚಿಸಲು ಬಿಡುವಿಲ್ಲ. ಯೋಚನೆಯೆಲ್ಲ ಅರ್ಧ ಗಂಟೆಯ ಹಿಂದೆ, ನಿಂತ ವಿಮಾನದಲ್ಲಿ, ಶಾಂತಮನಸ್ಸಿನಿಂದ ಮುಗಿದುಹೋಗಿದೆ.

ಮೋಡದೊಳಗೆ ಹೊಕ್ಕ ಚಾಲಕನಿಗೆ ಎದುರಾಗುವ ಶತ್ರು ಅವನ ಸ್ವಂತ ಕಿವಿ. ನಮ್ಮ ಒಳಗಿವಿಯಲ್ಲಿ ದ್ರವ ತುಂಬಿದ ಮೂರು ಬಳೆಗಳಿವೆ. ದೇಹ ತಿರುಗಿದಾಗ ಆ ದ್ರವದ ಚಲನೆಯಿಂದ ನಮಗೆ ತಿರುಗಿದ ಅರಿವಾಗುವುದು. ಒಂದೇ ಸಮನೆ ತಿರುಗುತ್ತಿದ್ದರೆ ದ್ರವವೂ ಜೊತೆಯಲ್ಲೇ ತಿರುಗಿ ಅರಿವು ಅಳಿಯುವುದು. ನಿಂತೊಡನೆ ಹಿಮ್ಮುಖವಾಗಿ ತಿರುಗಿದಂತೆ ಭಾಸವಾಗುವುದು. ಅಂಗಳದಲ್ಲಿ ಗಿರಗಿರನೆ ಸುತ್ತಿ ನಿಂತ ಮಕ್ಕಳೆಲ್ಲರೂ ಇದನ್ನು ಬಲ್ಲರು. ಹೊರಗೆ ಕ್ಷಿತಿಜ ಕಾಣದಾಗ ಈ ಭ್ರಮೆಯನ್ನು ನಂಬಿದ ಚಾಲಕನು ಸರಿಯಾಗಿರುವ ವಿಮಾನವನ್ನು ಸರಿಪಡಿಸಹೋಗಿ ಸುರುಳಿಯಾಗಿ ನೆಲಕ್ಕೆ ಇಳಿಯುವನು. ಇದಕ್ಕೆ ಮದ್ದು ಮುಂದಿರುವ ಕೃತಕ ಕ್ಷಿತಿಜವೆಂಬ ಯಂತ್ರ. ೧೯೨೯ನೆಯ ಇಸವಿ ಸೆಪ್ಟೆಂಬರ್ ೨೪ರಂದು ಅಮೆರಿಕದ ಜೇಮ್ಸ್ ಡೂಲಿಟಲ್ ಎಂಬವರು ಹೊರಗಿನದೇನೂ ಕಾಣದಂತೆ ಮುಸುಕು ಮುಚ್ಚಿದ ಆಸನದಲ್ಲಿ ಕುಳಿತು, ಈ ಯಂತ್ರವನ್ನೂ ರೇಡಿಯೋ ಸಂಕೇತವನ್ನೂ ನಂಬಿ, ವಿಮಾನವನ್ನು ಏರಿಸಿ, ಸುತ್ತಿಸಿ, ಇಳಿಸಿದರು. ತಾವು ಈಗ ಈ ಮಾತುಗಳನ್ನು ಕೇಳುತ್ತಿರುವುದು ಯಾವ ಅಲೆಗಳಿಂದಲೋ ಅದೇ ಜಾತಿಯ ಅಲೆಗಳು ಅಂದು ಕುರುಡನಿಗೆ ಕೋಲಾದುವು. ಆ ದಿನದಿಂದ ಚಾಲಕರಿಗೆ ಕಲಿಸುವ ಕಠಿನ ಪಾಠವೆಂದರೆ, ಮೈ ಏನೇ ಹೇಳಿದರೂ ಯಂತ್ರವನ್ನು ನಂಬುವುದು. ಅದರ ಜೊತೆಗೇ, ಒಂದು ಯಂತ್ರವು ಸುಳ್ಳು ಹೇಳೀತೆಂದು ಇನ್ನೆರಡನ್ನು ಹೋಲಿಸಿ ನೋಡುತ್ತಿರುವುದು.

ವಿಮಾನವು ತಾನೇ ಹಾರುವುದೆಂಬ ಮಾತಿಗೂ ಇಲ್ಲಿಯೇ ಉತ್ತರವಿದೆ. ಆಟೊಪೈಲಟ್ ಎಂಬ ಸಾಧನವು ಹೇಳಿದ ಎತ್ತರವನ್ನೂ ದಿಕ್ಕನ್ನೂ ಬಿಡದೆ ಹಿಡಿದಿರುವುದು ನಿಜ. ಎಲ್ಲಿಗೆ ಹೋಗಬೇಕು, ಮುಂದೆ ಕಾಣುವ ಗುಡುಗುಮೋಡವನ್ನು ಎಡಕ್ಕೆ ಬಳಸಬೇಕೋ ಬಲಕ್ಕೋ, ಹಿಂದಿರುಗಬೇಕೋ ಎಂಬುದನ್ನು ಹೇಳಬೇಕಾದವನು ಮನುಷ್ಯ. ಒಳ್ಳೆಯ ಎತ್ತು ಗೆರೆ ತಪ್ಪದೆ ನಡೆಯುವುದೆಂದು ರೈತನು ಗಾಡಿಯಲ್ಲಿ ಮಲಗುವುದುಂಟು. ಕವಲುದಾರಿಯಲ್ಲಿ ಎಚ್ಚರವಾಗದಿದ್ದರೆ ಎತ್ತು ಹಳೆಯ ಊರಿಗೇ ಹೋಗುವುದು.

ಕವಲುದಾರಿಗಳಲ್ಲಿ ಕಠಿನವಾದುದು ಇಳಿಯುವ ಹೊತ್ತಿನದು. ಚಳಿಗಾಲದ ಬೆಳಗಿನಲ್ಲಿ ದೇವನಹಳ್ಳಿಯ ಬಯಲಿನ ಮೇಲೆ ಮಂಜು ಕೂರುವುದನ್ನು ಬೆಂಗಳೂರಿನವರೆಲ್ಲರೂ ಬಲ್ಲರು. ರೇಡಿಯೋ ಕಿರಣವನ್ನು ಹಿಡಿದು ಇಳಿಯುತ್ತಿರುವ ಚಾಲಕನಿಗೆ ಒಂದು ನಿರ್ಣಯದ ಎತ್ತರವನ್ನು ವಿಧಿಸಿರುವರು; ಸಾಮಾನ್ಯ ಸಲಕರಣೆಗಳಿರುವಲ್ಲಿ ಅದು ನೆಲದಿಂದ ೨೦೦ ಅಡಿ. ಅಷ್ಟು ಇಳಿಯುವುದರೊಳಗೆ ಹಾದಿಯ ದೀಪಗಳು ಕಂಡರೆ ಇಳಿಯಬಹುದು. ಕಾಣದಿದ್ದರೆ ಮರುಮಾತಿಲ್ಲದೆ ಮೇಲಕ್ಕೆ ಏರಬೇಕು. ‘ಇನ್ನೊಂದು ಇಪ್ಪತ್ತು ಅಡಿ ಇಳಿದು ನೋಡೋಣ’ ಎಂಬ ಆಸೆಯಿಂದ ಪ್ರಾಣಗಳು ಹೋಗಿವೆ. ಹೆಚ್ಚಿನ ಸಲಕರಣೆಗಳೂ ವಿಶೇಷ ಶಿಕ್ಷಣವೂ ಇರುವಲ್ಲಿ ಇನ್ನೂ ದಟ್ಟವಾದ ಮಂಜಿನಲ್ಲಿ ಇಳಿಯಬಹುದು. ಆದರೆ ಅಲ್ಲಿಯೂ ಒಂದು ಗೆರೆಯುಂಟು, ಆ ಗೆರೆಯನ್ನು ಎಳೆಯುವುದು ಮಂಜಿನೊಳಗಲ್ಲ. ಬೆಂಗಳೂರಿಗೆಂದು ಹೊರಟವರನ್ನು ಚೆನ್ನೈಯಲ್ಲೋ ಹೈದರಾಬಾದಿನಲ್ಲೋ ಇಳಿಸಿದಾಗ ನಡೆದಿರುವುದು ಇದೇ.

ಇಷ್ಟೆಲ್ಲ ನಿಯಮಗಳಿದ್ದರೂ ನಿಯಮವನ್ನು ನಡೆಸುವವನು ಮನುಷ್ಯ. ೧೯೭೭ನೆಯ ಇಸವಿ ಮಾರ್ಚ್ ೨೭ರಂದು ಸ್ಪೇನಿಗೆ ಸೇರಿದ ಟೆನೆರಿಫ್ ದ್ವೀಪದ ನಿಲ್ದಾಣದಲ್ಲಿ ಮಂಜು ಕವಿದಿದ್ದಾಗ, ಡಚ್ಚರ ವಿಮಾನವೊಂದು ಏರಲು ಓಡತೊಡಗಿತು. ಅದೇ ಹಾದಿಯ ಮೇಲೆ ಅಮೆರಿಕದವರ ವಿಮಾನವೊಂದು ಇನ್ನೂ ಇದ್ದಿತು. ಡಚ್ ವಿಮಾನದ ಎಂಜಿನಿಯರನಿಗೆ ಸಂದೇಹ ಬಂದು, ಆ ವಿಮಾನ ಇನ್ನೂ ಹಾದಿಯನ್ನು ಬಿಟ್ಟಿಲ್ಲವೇ ಎಂದು ಕೇಳಿದನು. ಮುಖ್ಯ ಚಾಲಕನು ಆ ಸಂಸ್ಥೆಯಲ್ಲಿ ಇತರರಿಗೆ ಕಲಿಸುವ ಹಿರಿಯ; ಬಿಟ್ಟಿದೆಯೆಂದು ಖಂಡಿತವಾಗಿ ಹೇಳಿದನು. ಎಂಜಿನಿಯರನು ಮತ್ತೆ ಕೇಳಲಿಲ್ಲ. ೫೮೩ ಜನ ಸತ್ತರು. ಹಿರಿಯರ ಮಾತಿಗೆ ಎದುರಾಡಬಾರದೆಂಬ ಸೌಜನ್ಯವು ಮನೆಯಲ್ಲಿ ಗುಣ. ವಿಮಾನದ ಮುಂಗೋಣೆಯಲ್ಲಿ ಅದು ಕೊಲ್ಲಬಲ್ಲದು. ಇಂಥ ದುರಂತಗಳಿಂದ ಪಾಠ ಕಲಿತು, ಕಿರಿಯನು ಸಂದೇಹವನ್ನು ಬಾಯಿಬಿಟ್ಟು ಹೇಳುವುದನ್ನೂ ಹಿರಿಯನು ಅದನ್ನು ಕಿವಿಗೊಟ್ಟು ಕೇಳುವುದನ್ನೂ ಒಂದು ವಿದ್ಯೆಯಾಗಿಯೇ ಕಲಿಸತೊಡಗಿದರು. ಈ ವಿದ್ಯೆ ನಮ್ಮ ಕಾಲೇಜುಗಳಿಗೂ ಕಚೇರಿಗಳಿಗೂ ಬೇಡವೆಂದು ಹೇಳಲಾರೆವು.

ಅದರ ಫಲವನ್ನು ಒಂದು ದಿನ ಲೋಕವು ಕಂಡಿತು. ೧೯೮೯ನೆಯ ಇಸವಿ ಜುಲೈ ೧೯ರಂದು ಅಮೆರಿಕದ ಯುನೈಟೆಡ್ ಸಂಸ್ಥೆಯ ಡಿಸಿ-೧೦ ವಿಮಾನದ ಬಾಲದ ಎಂಜಿನ್ ಒಡೆದು, ರೆಕ್ಕೆಬಾಲಗಳನ್ನು ಆಡಿಸುವ ಕೊಳವೆಗಳೆಲ್ಲವೂ ತುಂಡಾದುವು. ಚುಕ್ಕಾಣಿಯೇ ಇಲ್ಲದ ಹಡಗಿನಂತಾಯಿತು. ಇಂಥದು ನಡೆಯಲಾರದೆಂದು ಎಣಿಸಿ ಯಾರೂ ಇದಕ್ಕೆ ಪಟ್ಟಿಯನ್ನು ಬರೆದಿರಲಿಲ್ಲ. ಮುಂದಾಲೋಚನೆಗೂ ಮಿತಿಯುಂಟೆಂಬುದನ್ನು ನಾವು ಇಲ್ಲಿ ಒಪ್ಪಬೇಕು. ಮುಖ್ಯ ಚಾಲಕ ಆಲ್ ಹೇನ್ಸ್ ಅವರು ಎಲ್ಲವೂ ತನಗೆ ತಿಳಿದಿದೆಯೆಂದು ಕೂರಲಿಲ್ಲ. ಎಲ್ಲರ ಮಾತನ್ನೂ ಕೇಳಿದರು. ಪ್ರಯಾಣಿಕರ ನಡುವೆ ಕುಳಿತಿದ್ದ ಡೆನಿಸ್ ಫಿಚ್ ಎಂಬ ಶಿಕ್ಷಕರು ಒಳಗೆ ಬಂದು ಎಂಜಿನ್ನುಗಳ ವೇಗದ ಸನ್ನೆಗಳನ್ನು ಹಿಡಿದರು. ೧೯೮೫ರಲ್ಲಿ ಜಪಾನಿನಲ್ಲಿ ಇದೇ ಬಗೆಯ ಅಪಘಾತವಾದ ಮೇಲೆ ಅವರು ಆ ಸ್ಥಿತಿಯನ್ನು ಶಿಕ್ಷಣಯಂತ್ರದಲ್ಲಿ ತಾವಾಗಿಯೇ ಅಭ್ಯಾಸಮಾಡಿ ನೋಡಿದ್ದರು. ಉಳಿದ ಎರಡು ಎಂಜಿನ್ನುಗಳಲ್ಲಿ ಒಂದನ್ನು ಏರಿಸಿ ಇನ್ನೊಂದನ್ನು ಇಳಿಸಿ ವಿಮಾನವನ್ನು ಸೂ ಸಿಟಿಯ ಮೈದಾನಕ್ಕೆ ತಂದರು. ನೆಲಕ್ಕೆ ತಾಗುವಾಗ ಅದು ಒಡೆಯಿತು. ಆದರೂ ೨೯೬ ಜನರಲ್ಲಿ ೧೮೪ ಜನ ಬದುಕಿದರು.

ಶಿಕ್ಷಣಯಂತ್ರವೆಂದೆವಲ್ಲವೆ, ಅದರ ಕಥೆ ರಸವತ್ತಾದುದು. ೧೯೨೯ರ ಸುಮಾರಿನಲ್ಲಿ ಅಮೆರಿಕದ ಎಡ್ವಿನ್ ಲಿಂಕ್ ಎಂಬವರು ಮೊದಲನೆಯದನ್ನು ಮಾಡಿದರು. ಅವರ ಮನೆತನದ ಕಸಬು ಆರ್ಗನ್ ವಾದ್ಯಗಳನ್ನು ಮಾಡುವುದು. ನಮ್ಮ ಹಾರ್ಮೋನಿಯಮ್ಮಿನ ತಿದಿಗಳಂಥ ತಿದಿಗಳ ಮೇಲೆ ಪುಟ್ಟ ವಿಮಾನದ ಆಕಾರವನ್ನು ಕೂರಿಸಿ, ಒಳಗಿದ್ದವನು ಸನ್ನೆಯನ್ನು ಆಡಿಸಿದಂತೆ ಅದು ವಾಲುವಂತೆ ಮಾಡಿದರು. ಮೊದಮೊದಲು ಅದು ಜಾತ್ರೆಯ ಆಟದ ಸಾಮಾನಾಗಿತ್ತು. ೧೯೩೪ರಲ್ಲಿ ಅಂಚೆ ಹೊರುವ ಸೈನ್ಯದ ಚಾಲಕರು ಕೆಟ್ಟ ಹವೆಯಲ್ಲಿ ಒಬ್ಬರ ಮೇಲೊಬ್ಬರು ಸಾಯತೊಡಗಿದಾಗ ಸರ್ಕಾರಕ್ಕೆ ಅದರ ಬೆಲೆ ತಿಳಿಯಿತು. ಇಂದಿನ ಸಿಮ್ಯುಲೇಟರುಗಳು ಅದರ ವಂಶದವು. ಎಂಜಿನ್ನಿಗೆ ಬೆಂಕಿ ಬೀಳುವುದು, ಚಕ್ರಗಳು ಇಳಿಯದಿರುವುದು, ಹೊಗೆ ತುಂಬುವುದು, ಇವನ್ನೆಲ್ಲ ಅಲ್ಲಿ ನೆಲ ಬಿಡದೆಯೇ ಅನುಭವಿಸಬಹುದು. ಎಷ್ಟೇ ಹಿರಿಯ ಚಾಲಕನಾಗಲಿ, ಸುಮಾರು ಆರು ತಿಂಗಳಿಗೊಮ್ಮೆ ಅದರಲ್ಲಿ ಕುಳಿತು ಪರೀಕ್ಷೆಯನ್ನು ಕೊಡಬೇಕು. ವೈದ್ಯರ ಪರೀಕ್ಷೆಗೂ ನಿಯತವಾಗಿ ಒಳಗಾಗಬೇಕು. ಒಂದು ಸಲ ಪದವಿಯನ್ನು ಪಡೆದು ಆ ಮೇಲೆ ಇಪ್ಪತ್ತು ವರ್ಷ ಯಾರ ಮುಂದೆಯೂ ಪರೀಕ್ಷೆಗೆ ಕೂರದ ನಮ್ಮಂಥ ಅಧ್ಯಾಪಕರಿಗೆ ಇದನ್ನು ಕೇಳಿದರೆ ಮೈ ಜುಮ್ಮೆನ್ನುವುದು.

ಈ ವೃತ್ತಿಗೆ ಸೇರಬಯಸುವ ತರುಣ ತರುಣಿಯರು ನಡೆಯಬೇಕಾದ ದಾರಿಯನ್ನೂ ಸಂಕ್ಷೇಪವಾಗಿ ಹೇಳುವೆವು. ಪದವಿಪೂರ್ವ ತರಗತಿಯಲ್ಲಿ ಗಣಿತ, ಭೌತಶಾಸ್ತ್ರಗಳನ್ನು ಓದಿರಬೇಕೆಂಬುದು ನಮ್ಮ ದೇಶದಲ್ಲಿ ಬಹುಕಾಲದಿಂದ ಬಂದ ನಿಯಮ. ಕಣ್ಣು, ಕಿವಿ, ಹೃದಯಗಳ ಪರೀಕ್ಷೆ ಬಿಗಿಯಾದುದು. ಹಣ ಸುರಿಯುವ ಮೊದಲು ಅದನ್ನು ಮುಗಿಸಿಕೊಳ್ಳುವುದು ವಿವೇಕ. ಆ ಮೇಲೆ ಶಿಕ್ಷಣ ಶಾಲೆ. ೧೯೪೮ರಲ್ಲಿ ಮೈಸೂರು ಸಂಸ್ಥಾನದ ಆಶ್ರಯದಲ್ಲಿ ಬೆಂಗಳೂರಿನ ಬಳಿಯ ಜಕ್ಕೂರಿನಲ್ಲಿ ವಿಮಾನದ ಮೈದಾನವಾಯಿತು. ಅಲ್ಲಿನ ಶಾಲೆಯಲ್ಲಿ ಅನೇಕ ಕನ್ನಡಿಗರು ಮೊದಲು ರೆಕ್ಕೆ ಬಿಚ್ಚಿದರು. ಆಕಾಶದಲ್ಲಿ ದಾರಿ ಕಾಣುವ ಶಾಸ್ತ್ರ, ಹವಾಶಾಸ್ತ್ರ, ವಿಮಾನದ ರಚನೆ, ಕಾನೂನು, ರೇಡಿಯೋ ಸಂಭಾಷಣೆ, ಇವುಗಳಲ್ಲಿ ಪರೀಕ್ಷೆಗಳು. ಜೊತೆಗೆ ೨೦೦ ಗಂಟೆಗಳ ಹಾರಾಟ, ಅದರಲ್ಲಿ ೧೦೦ ಗಂಟೆ ತಾನೇ ಒಡೆಯನಾಗಿ. ಆಗ ಹಣಕ್ಕಾಗಿ ಹಾರುವ ಪರವಾನಗಿ ದೊರೆಯುವುದು. ದೊಡ್ಡ ವಿಮಾನವನ್ನು ನಡೆಸುವುದಕ್ಕೆ ಆ ಜಾತಿಯ ವಿಮಾನದ ಶಿಕ್ಷಣವು ಬೇರೆ. ಸಹಚಾಲಕನಾಗಿ ವರ್ಷಗಳನ್ನು ಕಳೆದು, ಒಟ್ಟು ೧,೫೦೦ ಗಂಟೆಗಳಾದ ಮೇಲೆಯೇ ಮುಖ್ಯ ಚಾಲಕನ ಪರವಾನಗಿಯನ್ನು ಕೇಳುವ ಅರ್ಹತೆ. ೬೫ ವರ್ಷಕ್ಕೆ ಸಂಸ್ಥೆಯ ವಿಮಾನಗಳಿಂದ ನಿವೃತ್ತಿ. ವೆಚ್ಚವು ಬಹಳ, ಕೆಲಸ ಸಿಕ್ಕುವುದು ನಿಶ್ಚಯವಿಲ್ಲ, ನಿದ್ರೆಗೆ ಹೊತ್ತುಗೊತ್ತಿಲ್ಲ. ಸಮವಸ್ತ್ರದ ಬೆಡಗನ್ನು ಮಾತ್ರ ನೋಡಿದವರು ಇವನ್ನೂ ಎಣಿಸಬೇಕು. ಮಗನೋ ಮಗಳೋ ಇದನ್ನು ಬಯಸಿದಾಗ, ಅವರಿಗೆ ಧೈರ್ಯವಿದೆಯೇ ಎಂದು ತಂದೆತಾಯಿಗಳು ಕೇಳುವುದು ವಾಡಿಕೆ. ಲೆಕ್ಕವನ್ನು ಎರಡು ಸಲ ನೋಡುವ ತಾಳ್ಮೆಯಿದೆಯೇ,

ತಪ್ಪನ್ನು ತೋರಿಸಿದವರ ಮೇಲೆ ಸಿಟ್ಟಾಗದ ಮನಸ್ಸಿದೆಯೇ ಎಂದೂ ಕೇಳಬೇಕೆಂದು ನಮ್ಮ ಸೂಚನೆ.

ಕಡೆಯದಾಗಿ, ಪ್ರಯಾಣಿಕರಾದ ನಮ್ಮ ಪಾಲಿನ ಕರ್ತವ್ಯವೊಂದುಂಟು. ಇಳಿಯದೆ ಮೇಲಕ್ಕೆ ಏರಿದ ಚಾಲಕನನ್ನು, ಬೇರೆ ಊರಿಗೆ ಒಯ್ದ ಚಾಲಕನನ್ನು, ಹೊರಡದೆಯೇ ನಿಲ್ಲಿಸಿದ ಚಾಲಕನನ್ನು ನಾವು ಶಪಿಸುವೆವು. ಮದುವೆಯ ಮುಹೂರ್ತ ತಪ್ಪಿತು, ಸಭೆಗೆ ತಡವಾಯಿತು ಎಂದು ಸಿಬ್ಬಂದಿಯ ಮೇಲೆ ಹರಿಹಾಯುವೆವು. ಚಾಲಕನೂ ಮನುಷ್ಯನಾದುದರಿಂದ ಈ ಗದ್ದಲವು ಮುಂದಿನ ಸಲ ಅವನ ಕಿವಿಯಲ್ಲಿ ಗುಂಯ್‌ಗುಟ್ಟುವುದು. ಮಂಜಿನಲ್ಲಿ ನಿರ್ಣಯದ ಎತ್ತರಕ್ಕೆ ಬಂದು, ದೀಪಗಳು ಕಾಣದಿರುವಾಗ, ‘ಹೇಗೋ ಇಳಿಸಿಬಿಟ್ಟರೆ ಎಲ್ಲರಿಗೂ ಸಂತೋಷ’ ಎಂದು ಪಿಸುಗುಟ್ಟುವ ದನಿಗಳಲ್ಲಿ ನಮ್ಮದೂ ಒಂದಾಗಿರಬಾರದು. ಹಾಗೆ ತಿರುಗಿಹೋದ ವಿಮಾನಗಳ ಸುದ್ದಿ ಪತ್ರಿಕೆಗಳಲ್ಲಿ ದೊಡ್ಡದಾಗಿ ಬರುವುದಿಲ್ಲ; ಅಲ್ಲಿ ನಡೆದುದಾದರೂ ಏನು, ಪ್ರಯಾಣಿಕರು ಮಧ್ಯಾಹ್ನದ ಊಟವನ್ನು ಚೆನ್ನೈಯಲ್ಲಿ ಮಾಡಿ ಸಂಜೆ ಬೆಂಗಳೂರಿಗೆ ಬಂದರು, ಅಷ್ಟೆ. ಮುಂದೆ ಎಂದಾದರೊಂದು ದಿನ ತಮಗೂ ಹೀಗಾದಲ್ಲಿ, ಇಳಿಯುವಾಗ ಬಾಗಿಲ ಬಳಿ ನಿಂತಿರುವ ಆ ಚಾಲಕರಿಗೆ ತಾವು ಒಂದು ನಮಸ್ಕಾರವನ್ನು ಹೇಳಿ ಬರಬೇಕೆಂದು ಕೇಳಿಕೊಳ್ಳುತ್ತೇವೆ.